ಬ್ಲೋವರು ಮತ್ತು ತರ್ಕಶಾಸ್ತ್ರ

ಕಾರಿನೊಳಗೆ ಬಿಸಿಗಾಳಿಯೇಕೆ ಎಂದು ಬಯಲುಸೀಮೆಯಿಂದ ಬಂದ ನನ್ನ ಸಹಪಾಠಿಗಳು ಕೇಳುವುದುಂಟು. ಅವರ ಮಟ್ಟಿಗೆ ಆ ಪ್ರಶ್ನೆ ನ್ಯಾಯವಾದುದೇ. ಮಡಿಕೇರಿಯ ಕಡೆಯವರಾದ ನಾವು ಮಾತ್ರ ಕಕ್ಕಡ ತಿಂಗಳ ಮಳೆಯಲ್ಲಿ ಅದಿಲ್ಲದೆ ಕಾರು ಹೊರಡಿಸಲಾರೆವು. ಹೊರಗೆ ಥಂಡಿ, ಒಳಗೆ ನಾಲ್ಕಾರು ಜನರ ಉಸಿರು. ಆ ಉಸಿರಿನ ತೇವವೆಲ್ಲ ತಣ್ಣಗಿರುವ ಮುಂದಿನ ಗಾಜಿನ ಮೇಲೆ ಕುಳಿತು, ಎದುರಿನ ರಸ್ತೆ ಹಾಲಿನಲ್ಲಿ ಅದ್ದಿದಂತಾಗುತ್ತದೆ. ವೈಪರು ಹೊರಗಿನ ನೀರನ್ನು ಒರೆಸೀತೇ ಹೊರತು ಒಳಗಿನ ಮಂಜನ್ನು ಒರೆಸಲಾರದು. ಎಂಜಿನ್ನಿನ ಸುಡುನೀರು ಡ್ಯಾಶ್‌ಬೋರ್ಡಿನ ಹಿಂದಿರುವ ಒಂದು ಪುಟ್ಟ ರೇಡಿಯೇಟರಿನಲ್ಲಿ ಹಾದುಹೋಗುತ್ತದೆ. ಬ್ಲೋವರು ಎಂಬ ಫ್ಯಾನು ಅದರ ಮೂಲಕ ಗಾಳಿಯನ್ನು ತಳ್ಳಿ ಗಾಜಿಗೆ ಬಿಡುತ್ತದೆ. ಹೇಗಿದ್ದರೂ ಪೋಲಾಗುವ ಶಾಖ. ನಮಗೆ ಬಿಟ್ಟಿ ಉಪಕಾರ.

2023ರ ಜುಲೈ ತಿಂಗಳ ಕೊನೆಯ ಭಾನುವಾರ ಸಂಜೆ ನಮ್ಮ ಚಿಕ್ಕಪ್ಪನ ಹಳೆಯ ಕಾರಿನ ಬ್ಲೋವರು ನಿಂತುಹೋಯಿತು. ಮರುದಿನ ಬೆಳಗಿನ ಜಾವ ಅಜ್ಜಿಯನ್ನು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮಂಗಳೂರಿಗೆ ಕರೆದೊಯ್ಯಬೇಕಿತ್ತು. ಎರಡು ತಿಂಗಳು ಕಾದು ದೊರೆತ ದಿನ ಅದು. ಸಂಪಾಜೆ ಘಾಟಿಯ ರಸ್ತೆಯನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿಹೋದುದನ್ನು ಕಣ್ಣಾರೆ ಕಂಡಿದ್ದ ಚಿಕ್ಕಪ್ಪ, "ರಸ್ತೆ ಕಾಣದೆ ನಾನು ಘಾಟಿ ಇಳಿಯೋದಿಲ್ಲ, ತಾರೀಖು ಹೋದರೆ ಹೋಗಲಿ" ಎಂದುಬಿಟ್ಟರು. ಅಜ್ಜಿ ಏನೂ ಮಾತಾಡಲಿಲ್ಲ. ಕಟ್ಟಿಟ್ಟ ಚೀಲವನ್ನು ಬಿಚ್ಚಲೂ ಇಲ್ಲ.

ಗರಾಜುಗಳು ಮುಚ್ಚಿದ್ದವು. ಸುದ್ದಿ ತಿಳಿದು ಬಂದ ನೆರೆಯವರೊಬ್ಬರು ಕಾರಿನ ಬಾಗಿಲನ್ನೂ ತೆರೆಯದೆ, "ಮೋಟಾರು ಸುಟ್ಟಿದೆ, ಹೊಸದು ಹಾಕಿಸಿ" ಎಂದು ತೀರ್ಪು ಕೊಟ್ಟರು. ನಮ್ಮೂರಿನಲ್ಲಿ ಕಾಯಿಲೆಗೂ ವಾಹನಕ್ಕೂ ಸಲಹೆ ಧಾರಾಳ. ನನಗೋ ಪಿ.ಯು.ಸಿ.ಯಲ್ಲಿ ಓದಿದ ತರ್ಕಶಾಸ್ತ್ರ ನೆನಪಾಯಿತು. ಉಳಿದುದೆಲ್ಲ ಇದ್ದಂತೆಯೇ ಇದ್ದು, ಒಂದೇ ಒಂದು ಅಂಶ ಬದಲಾದಾಗ ಫಲವೂ ಬದಲಾದರೆ, ಕಾರಣವನ್ನು ಆ ಅಂಶದಲ್ಲೇ ಹುಡುಕಬೇಕೆನ್ನುವ ವ್ಯತಿರೇಕ ವಿಧಾನ ಅದು. ಜಾನ್ ಸ್ಟೂವರ್ಟ್ ಮಿಲ್ 1843ರ ತನ್ನ ಗ್ರಂಥದಲ್ಲಿ ವಿವರಿಸಿದ ಈ ಸೂತ್ರವನ್ನು ಪರೀಕ್ಷೆಗಾಗಿ ಉರು ಹೊಡೆದಿದ್ದೆನೇ ವಿನಾ, ಅದಕ್ಕೊಂದು ಕೆಲಸ ಕೊಡುವ ಯೋಗ ಒದಗಿರಲಿಲ್ಲ.

ಚಿಕ್ಕಪ್ಪನ ಬಳಿ 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ತಂತಿ ಬೆಸೆದ ಟೆಸ್ಟ್ ಲ್ಯಾಂಪು ಇತ್ತು. "ಟಾರ್ಚು ಹಿಡಿ ಮಗಳೇ" ಎಂದು ಅವರು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದರು. ಮೊದಲು ಫ್ಯೂಸು. ಅದರ ಎರಡು ಬದಿಯಲ್ಲೂ ಬಲ್ಬು ಉರಿಯಿತು, ಫ್ಯೂಸು ನಿರಪರಾಧಿ. ಆಮೇಲೆ ವೇಗದ ಗುಂಡಿ. ಈ ಕಾರಿನ ಬ್ಲೋವರಿಗೆ ನಾಲ್ಕು ವೇಗ. ಮೊದಲ ಮೂರಕ್ಕೆ ಕರೆಂಟು ರೆಸಿಸ್ಟರು ಎಂಬ ತಡೆಯ ಮೂಲಕ ಬರುತ್ತದೆ, ನಾಲ್ಕನೆಯದಕ್ಕೆ ನೇರವಾಗಿ. ರೆಸಿಸ್ಟರೊಂದೇ ಸುಟ್ಟಿದ್ದರೆ ಕೆಳಗಿನ ವೇಗಗಳು ಸತ್ತರೂ ನಾಲ್ಕನೆಯದು ಬದುಕಿರಬೇಕು. ನಮ್ಮಲ್ಲಿ ನಾಲ್ಕೂ ಸತ್ತಿದ್ದವು. ಆದುದರಿಂದ ಆ ಆರೋಪವೂ ನಿಲ್ಲಲಿಲ್ಲ. ಚಿಕ್ಕಪ್ಪ ಸ್ಪಾನರಿನಿಂದ ಮೋಟಾರಿನ ಬೆನ್ನಿಗೆ ಮೆಲ್ಲಗೆ ಎರಡೇಟು ಕೊಟ್ಟರು. ನೋಡುವವರಿಗೆ ಹುಡುಗಾಟವೆನಿಸೀತು; ಆದರೆ ಒಳಗಿನ ಕಾರ್ಬನ್ ಬ್ರಷ್ಷು ಸವೆದಿದ್ದರೆ, ಪೆಟ್ಟಿಗೆ ಅದು ಸರಿದು ತಾಗಿ ಮೋಟಾರು ತಿರುಗುವುದುಂಟು. ತಿರುಗಲಿಲ್ಲ.

ಕೊನೆಗೆ ಮೋಟಾರಿನ ಪ್ಲಗ್ಗನ್ನು ಕಳಚಿದೆವು. ಗುಂಡಿಯನ್ನು ನಾಲ್ಕಕ್ಕಿಟ್ಟು, ಲ್ಯಾಂಪಿನ ಒಂದು ತುದಿಯನ್ನು ಕರೆಂಟು ಬರುವ ತಂತಿಗೆ, ಇನ್ನೊಂದನ್ನು ಕಾರಿನ ಬಾಡಿಯ ಬರಿಯ ಕಬ್ಬಿಣಕ್ಕೆ ತಾಗಿಸಿದೆವು. ಬಲ್ಬು ಝಗ್ಗನೆ ಉರಿಯಿತು. ಮೊದಲ ತುದಿಯನ್ನು ಅಲ್ಲಾಡಿಸದೆ, ಎರಡನೆಯದನ್ನು ಮಾತ್ರ ಅದೇ ಪ್ಲಗ್ಗಿನ ಕಪ್ಪು ತಂತಿಗೆ ಇಟ್ಟೆವು. ಕತ್ತಲು. ಮತ್ತೆ ಬಾಡಿಗೆ, ಬೆಳಕು. ಮತ್ತೆ ಕಪ್ಪು ತಂತಿಗೆ; ಕತ್ತಲು. ಮಿಲ್ ಮಹಾಶಯ ನಮ್ಮ ಅಂಗಳಕ್ಕೇ ಬಂದು ಪಾಠ ಹೇಳಿದ್ದರೂ ಇದಕ್ಕಿಂತ ಚೆನ್ನಾಗಿ ಹೇಳುತ್ತಿರಲಿಲ್ಲ.

"ಅರ್ತಿಲ್ಲ!" ಎಂದು ಚಿಕ್ಕಪ್ಪ ಕೂಗಿದರು.

ಜಗಲಿಯಲ್ಲಿದ್ದ ಅಜ್ಜಿ, "ಅರ್ಥ ಇಲ್ಲದ ಕೆಲಸ ಅಂತ ನನಗೆ ಆಗಲೇ ಗೊತ್ತಿತ್ತು. ಒಳಗೆ ಬನ್ನಿ, ಊಟ ಆರುತ್ತಿದೆ" ಎಂದರು.

ಕರೆಂಟು ಬ್ಯಾಟರಿಯಿಂದ ಹೊರಟರೆ ಸಾಲದು, ಹಿಂದಿರುಗಲು ದಾರಿ ಬೇಕು. ಕಾರಿನಲ್ಲಿ ಆ ದಾರಿ ಬಾಡಿಯೇ. ಅದಕ್ಕೆ ಮೆಕ್ಯಾನಿಕ್ಕರು ಅರ್ತು ಎನ್ನುತ್ತಾರೆ. ರಬ್ಬರಿನ ಚಕ್ರಗಳ ಮೇಲೆ ನಿಂತ ವಸ್ತುವಿಗೆ ಭೂಮಿಯ ಹೆಸರು! ಕಪ್ಪು ತಂತಿಯ ಜಾಡು ಹಿಡಿದು ಹೋದರೆ, ಎಡಗಡೆ ಕಾಲಿಡುವ ಜಾಗದ ಬದಿಯಲ್ಲಿ ಒಂದು ಬೋಲ್ಟು. ಮಳೆನೀರು ಸೋರಿ ಸೋರಿ, ಬೋಲ್ಟೂ ತಂತಿಯ ತುದಿಯ ಬಳೆಯೂ ಸೇರಿ ತುಕ್ಕಿನ ಉಂಡೆಯಾಗಿದ್ದವು. ಬ್ಯಾಟರಿಯ ತಂತಿ ಕಳಚಿ, ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರಿದೆವು. ಸುಟ್ಟಿದೆಯೆಂದು ತೀರ್ಪಾಗಿದ್ದ ಮೋಟಾರು ಸಿಲ್ವರ್ ಓಕ್ ಎಲೆಯ ನಾಲ್ಕು ಚೂರು ಉಗುಳಿ ತಿರುಗತೊಡಗಿತು. ನೆರೆಯವರು, "ಆದರೂ ಮೋಟಾರು ಹಳೆಯದೇ" ಎಂದು ಹೇಳಿ ಮನೆಗೆ ಹೋದರು.

ಮರುದಿನ ಮದೆನಾಡಿನ ಬಳಿ ಮಂಜು ಕವಿದಿತ್ತು. ಗಾಜಿನ ಕೆಳ ಅಂಚಿನಲ್ಲಿ ಅಂಗೈಯಗಲ ತಿಳಿಯಾಗಿ, ಅದು ನಿಧಾನವಾಗಿ ಮೇಲೇರಿ, ರಸ್ತೆ ಪೂರ್ತಿ ಕಂಡಿತು. ಸಂಪಾಜೆ ಇಳಿದು ಸೆಖೆಯಾದೊಡನೆ ಅಜ್ಜಿ, "ಸಾಕು, ಅದನ್ನು ನಿಲ್ಲಿಸು ಮಾರಾಯ" ಎಂದರು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಎರಡು ದಿನ ಕಳೆದು ಹಿಂತಿರುಗುವಾಗ, ಪೊರೆ ತೆಗೆದ ಕಣ್ಣಿನಿಂದ ಅವರು ಮೊದಲು ಕಂಡುಹಿಡಿದದ್ದು ಡ್ಯಾಶ್‌ಬೋರ್ಡಿನ ಮೇಲಿದ್ದ ಧೂಳನ್ನು.