ತಯಾರಿಕೆ ನಿಂತ ಮೇಲೆ ಏರಿದ ಬೆಲೆ

ಹಳೆಯ ಜಪಾನಿ ಸ್ಪೋರ್ಟ್ಸ್ ಕಾರಿಗೆ ಸಂಗ್ರಾಹಕರ ಲೆಕ್ಕದಲ್ಲಿ ಬಹುಕಾಲ ಸ್ಥಾನವೇ ಇರಲಿಲ್ಲ. ಕಾಪಿಡಬೇಕಾದ ಕಾರು ಎಂದರೆ ಇಟಲಿಯದು, ಜರ್ಮನಿಯದು, ಇಂಗ್ಲೆಂಡಿನದು. ಜಪಾನಿನದು ಗಟ್ಟಿಮುಟ್ಟು, ಅಗ್ಗ, ಸವೆದ ಮೇಲೆ ಗುಜರಿಗೆ ಹಾಕುವಂಥದ್ದು ಎಂಬ ಅಭಿಪ್ರಾಯ ಎಲ್ಲೆಡೆ ಇತ್ತು. ಆ ಅಭಿಪ್ರಾಯ ಈಗ ಬುಡಮೇಲಾಗಿದೆ. 1967ರಿಂದ 1970ರವರೆಗೆ ಕೇವಲ 351ರಷ್ಟು ತಯಾರಾದ ಟೊಯೊಟಾ 2000ಜಿಟಿ ಕಾರೊಂದು 2013ರಲ್ಲಿ ಅಮೆರಿಕದ ಹರಾಜಿನಲ್ಲಿ ಹನ್ನೊಂದು ಲಕ್ಷ ಡಾಲರ್ ದಾಟಿತು. 2022ರಲ್ಲಿ ರೇಸಿನ ಇತಿಹಾಸವಿದ್ದ ಅದೇ ಮಾದರಿಯ ಇನ್ನೊಂದು ಕಾರು 25 ಲಕ್ಷ ಡಾಲರಿಗೂ ಹೆಚ್ಚು ತಂದಿತು. 1971ರ ಒಂದು ಡಾಟ್ಸನ್ 240ಝಡ್ 2020ರಲ್ಲಿ ಮೂರು ಲಕ್ಷ ಡಾಲರಿಗಿಂತ ಮೇಲೆ ಹೋಯಿತು. ಸಿನಿಮಾದಲ್ಲಿ ಓಡಿದ್ದ ನಿಸಾನ್ ಸ್ಕೈಲೈನ್ ಒಂದಕ್ಕೆ 2023ರಲ್ಲಿ ಹದಿಮೂರೂವರೆ ಲಕ್ಷ ಡಾಲರ್ ಸಿಕ್ಕಿತು.

ಈ ಏರಿಕೆಯ ಹಿಂದೆ ಎರಡು ಕಾರಣಗಳು ಸ್ಪಷ್ಟವಾಗಿವೆ. ಅಮೆರಿಕದ ಸುರಕ್ಷತಾ ನಿಯಮಗಳಿಗೆ ಹೊಂದದ ಕಾರನ್ನು ಆ ದೇಶಕ್ಕೆ ತರಬೇಕಾದರೆ ಅದಕ್ಕೆ 25 ವರ್ಷ ತುಂಬಿರಬೇಕು. 1989ರಲ್ಲಿ ಬಂದ ಸ್ಕೈಲೈನ್ ಜಿಟಿ-ಆರ್‌ಗೆ 2014ರಲ್ಲಿ ಆ ವಯಸ್ಸು ತುಂಬಿತು, ಅಮೆರಿಕದ ಹಣ ಜಪಾನಿನ ಹಳೆಯ ಕಾರುಗಳ ಕಡೆಗೆ ಹರಿಯಿತು. ಎರಡನೆಯದು ಒಂದು ತಲೆಮಾರಿನ ಆಸೆ. 1997ರಲ್ಲಿ ಬಂದ ಗ್ರ್ಯಾನ್ ಟ್ಯುರಿಸ್ಮೊ ಎಂಬ ವಿಡಿಯೊ ಗೇಮಿನಲ್ಲಿ ಈ ಕಾರುಗಳನ್ನು ಓಡಿಸಿದ, 2001ರ ಹಾಲಿವುಡ್ ಚಿತ್ರದಲ್ಲಿ ಅವುಗಳನ್ನು ನೋಡಿದ ಹುಡುಗರು ದುಡಿದು, ನಲವತ್ತರ ಹೊಸ್ತಿಲಿಗೆ ಬಂದಾಗ ನಿಜವಾದ ಕಾರನ್ನೇ ಕೊಳ್ಳಲು ಹೊರಟರು. ಅಷ್ಟರಲ್ಲಿ ತಯಾರಿಕೆ ನಿಂತು ಎಷ್ಟೋ ವರ್ಷವಾಗಿತ್ತು.

ಭಾರತದಲ್ಲಿ ಈ ಕಾರುಗಳು ಇಲ್ಲವೆಂದೇ ಹೇಳಬೇಕು. ಮೂರು ವರ್ಷ ಮೀರಿದ ಬಳಸಿದ ಕಾರಿನ ಆಮದಿಗೆ ದೀರ್ಘಕಾಲದಿಂದ ಸಾಮಾನ್ಯವಾಗಿ ತಡೆ ಇದೆ. ತಂದರೂ ಸುಂಕ ವಿಪರೀತ. ಆದ್ದರಿಂದ ಕೋಲಾರ ಜಿಲ್ಲೆಯ ಬೀದಿಗಳಿಗೆ ಜಪಾನಿನ ವೇಗ ಬಂದದ್ದು ಎರಡು ಚಕ್ರದ ಮೇಲೆ. 1980ರ ದಶಕದಲ್ಲಿ ಸರ್ಕಾರ ಸಣ್ಣ ಬೈಕುಗಳಿಗೆ ವಿದೇಶಿ ಸಹಯೋಗದ ಬಾಗಿಲು ತೆರೆದಾಗ ನಾಲ್ಕು ಜೋಡಿಗಳು ಹುಟ್ಟಿದವು: ಟಿವಿಎಸ್ ಜೊತೆ ಸುಜುಕಿ, ಹೀರೊ ಜೊತೆ ಹೋಂಡಾ, ಬಜಾಜ್ ಜೊತೆ ಕಾವಾಸಾಕಿ, ಎಸ್ಕಾರ್ಟ್ಸ್ ಜೊತೆ ಯಮಹಾ. ಮೊದಲನೆಯದು ತಯಾರಾಗುತ್ತಿದ್ದ ಹೊಸೂರು ಜಿಲ್ಲೆಯ ಬಂಗಾರಪೇಟೆಗೆ ಹತ್ತಿರದ ಊರು. ಆದರೆ ಹುಡುಗರ ಮನಸ್ಸು ಗೆದ್ದದ್ದು ದೂರದ ಉತ್ತರದಲ್ಲಿ ತಯಾರಾದ ಯಮಹಾ. 2000ಜಿಟಿ ಕಾರನ್ನು ಟೊಯೊಟಾ ಜೊತೆ ಸೇರಿ ರೂಪಿಸಿ, ಕಟ್ಟಿಕೊಟ್ಟ ಕಂಪನಿಯೂ ಇದೇ ಯಮಹಾ. ಕೋಟಿಗಳಲ್ಲಿ ಬೆಲೆ ಕಟ್ಟುವ ಆ ಕಾರೂ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಶೆಡ್ಡಿನಲ್ಲಿ ನಿಂತ ಆರ್‌ಎಕ್ಸ್ 100 ಬೈಕೂ ಒಂದೇ ಮನೆತನದವು.

ಆರ್‌ಎಕ್ಸ್ 100 ಭಾರತಕ್ಕೆ 1985ರ ಕೊನೆಯಲ್ಲಿ ಬಂತು. ಮೊದಮೊದಲು ಜಪಾನಿನಿಂದ ಬಿಡಿಭಾಗಗಳ ಕಿಟ್ ತರಿಸಿ ಇಲ್ಲಿ ಜೋಡಿಸುತ್ತಿದ್ದರು. ಆ ಮೊದಲ ಗಾಡಿಗಳ ಭಾಗಗಳ ಮೇಲಿನ ‘ಮೇಡ್ ಇನ್ ಜಪಾನ್’ ಎಂಬ ಅಚ್ಚನ್ನು ಇವತ್ತಿನ ಖರೀದಿದಾರ ಟಾರ್ಚ್ ಹಿಡಿದು ಹುಡುಕುತ್ತಾನೆ. 98 ಸಿಸಿ, ಒಂದೇ ಸಿಲಿಂಡರ್, ಟೂ ಸ್ಟ್ರೋಕ್, ಹನ್ನೊಂದು ಅಶ್ವಶಕ್ತಿ, ನೂರು ಕಿಲೋ ಆಸುಪಾಸಿನ ತೂಕ. ಅದೇ ಕಾಲದ ನೂರು ಸಿಸಿಯ ಫೋರ್ ಸ್ಟ್ರೋಕ್ ಬೈಕುಗಳು ಏಳೆಂಟು ಅಶ್ವಶಕ್ತಿಯಲ್ಲೇ ನಿಲ್ಲುತ್ತಿದ್ದವು. ಆಕ್ಸಿಲರೇಟರ್ ತಿರುಗಿಸಿದೊಡನೆ ಮುಂದಕ್ಕೆ ಜಿಗಿಯುವ ಗುಣ, ಉದ್ದನೆಯ ಸೈಲೆನ್ಸರಿನಿಂದ ಹೊರಡುವ, ಬೀದಿಯ ಆ ತುದಿಯಲ್ಲೇ ಗುರುತು ಸಿಗುವ ಸದ್ದು, ಪೀಕಾಕ್ ಬ್ಲೂ, ಚೆರ್ರಿ ರೆಡ್, ಕಪ್ಪು ಬಣ್ಣದ ಟ್ಯಾಂಕ್. ಇಷ್ಟೇ ಅದರ ಆಸ್ತಿ. ಡಿಸ್ಕ್ ಬ್ರೇಕಿಲ್ಲ, ಸೆಲ್ಫ್ ಸ್ಟಾರ್ಟಿಲ್ಲ. 1996ರಲ್ಲಿ ತಯಾರಿಕೆ ನಿಂತಿತು. ಅದರ ವಂಶದ ಆರ್‌ಎಕ್ಸ್ 135 ಇನ್ನಷ್ಟು ವರ್ಷ ನಡೆದು ಅದೂ ಮುಗಿಯಿತು.

ನಿಲ್ಲಿಸಿದ್ದಕ್ಕೆ ಕಾರಣ ನ್ಯಾಯವಾದದ್ದೇ. ಟೂ ಸ್ಟ್ರೋಕ್ ಎಂಜಿನ್ ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುತ್ತದೆ, ಸುಡದೆ ಉಳಿದ ಇಂಧನವನ್ನು ಹೊಗೆಯೊಂದಿಗೆ ಹೊರಗೆ ಬಿಡುತ್ತದೆ. 1996 ಮತ್ತು 2000ದಲ್ಲಿ ಮಾಲಿನ್ಯದ ಮಿತಿ ಬಿಗಿಯಾದಾಗ ಈ ಎಂಜಿನ್ನಿಗೆ ಮಾರುಕಟ್ಟೆಯಲ್ಲಿ ಉಳಿಗಾಲ ಕಡಿಮೆಯಾಯಿತು. ಲಕ್ಷಗಟ್ಟಲೆ ಟೂ ಸ್ಟ್ರೋಕ್ ಗಾಡಿಗಳು ರಸ್ತೆಯಲ್ಲಿರುವುದು ಊರಿನ ಉಸಿರಿಗೆ ಒಳ್ಳೆಯದಲ್ಲ. ಉಳಿದ ಕೆಲವನ್ನು ಜತನದಿಂದ ಇಟ್ಟು ಭಾನುವಾರ ಓಡಿಸುವುದರಿಂದ ಕೆಡುವಂಥದ್ದೂ ಹೆಚ್ಚಿಲ್ಲ.

ಆರ್‌ಎಕ್ಸ್‌ಗಿಂತ ಮೊದಲೇ, 1983ರಲ್ಲಿ, ಎಸ್ಕಾರ್ಟ್ಸ್ ತಂದಿದ್ದ ರಾಜ್‌ದೂತ್ 350ರ ಕಥೆ ಇನ್ನೂ ತೀವ್ರ. ಜಪಾನಿನ ಯಮಹಾ ಆರ್‌ಡಿ 350ರ ಭಾರತೀಯ ರೂಪ ಅದು: ಎರಡು ಸಿಲಿಂಡರ್, 347 ಸಿಸಿ, ಆರು ಗೇರ್, ಮೊದಲ ಮಾದರಿಯಲ್ಲಿ ಮೂವತ್ತು ಅಶ್ವಶಕ್ತಿ. ಅಂದಿನ ಭಾರತದ ರಸ್ತೆಗೆ ಅದು ಮಿತಿಮೀರಿದ ಶಕ್ತಿ. ಕುಡಿಯುವ ಪೆಟ್ರೋಲ್ ನೋಡಿ ಜನ ಹಿಂದೆಗೆದರು, ಬಿಡಿಭಾಗ ದುಬಾರಿ ಎಂದರು, ಬ್ರೇಕ್ ಸಾಲದು ಎಂದರು, ಮೂರೂ ನಿಜವೇ. ಹತ್ತು ವರ್ಷ ತುಂಬುವ ಮೊದಲೇ ಅದು ನಿಂತಿತು. ಒಂದು ಕಾಲಕ್ಕೆ ಮಾಲೀಕರು ಕೈತೊಳೆದುಕೊಂಡರೆ ಸಾಕೆಂದು ಬಂದ ಬೆಲೆಗೆ ದಾಟಿಸಿದ ಆ ಬೈಕು, ಎಲ್ಲ ಭಾಗವೂ ಮೂಲದ್ದೇ ಆಗಿದ್ದರೆ, ಇಂದು ಹಲವು ಲಕ್ಷ ಬಾಳುತ್ತದೆ. ಹೊಸದಾಗಿದ್ದಾಗ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿದ್ದ ಆರ್‌ಎಕ್ಸ್ 100, ಚೆನ್ನಾಗಿ ಸಿದ್ಧಪಡಿಸಿದ್ದರೆ, ಲಕ್ಷ ದಾಟಿ ಮಾರಾಟವಾಗುತ್ತದೆ.

ಬೆಲೆ ಏಕೆ ಏರುತ್ತದೆ, ಯಾವಾಗ ಏರುತ್ತದೆ ಎಂಬುದನ್ನು ಕೆಜಿಎಫ್‌ಗಿಂತ ಚೆನ್ನಾಗಿ ಬಲ್ಲ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ. ಇಲ್ಲಿನ ಚಿನ್ನದ ಗಣಿಯ ಆರಂಭದ ಕಾಲದಲ್ಲಿ ಒಂದು ಟನ್ ಅದಿರಿಗೆ ನಲವತ್ತು ಗ್ರಾಂ ಮೀರಿ ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ ಐದು ಗ್ರಾಮಿಗೂ ಕೆಳಗಿಳಿಯಿತು. ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತೆಗೆಯುವ ಖರ್ಚು, ತೆಗೆದ ಚಿನ್ನದ ಬೆಲೆಯನ್ನು ಮೀರಿತು. ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಆಗ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಔನ್ಸ್ ಚಿನ್ನಕ್ಕೆ ಇದ್ದದ್ದು 265 ಡಾಲರ್ ಆಸುಪಾಸು. ಎಷ್ಟೋ ವರ್ಷಗಳ ಅತಿ ಕಡಿಮೆ ಬೆಲೆಗಳಲ್ಲಿ ಅದೂ ಒಂದು. 2020ರಲ್ಲಿ ಅದು ಎರಡು ಸಾವಿರ ದಾಟಿತು, 2025ರಲ್ಲಿ ಮೂರು ಸಾವಿರ ದಾಟಿತು. ಗಣಿ ಮುಚ್ಚಿದಾಗ ಬೀದಿಗೆ ಬಿದ್ದ ಕಾರ್ಮಿಕನಿಗೆ ಈ ಏರಿಕೆಯಲ್ಲಿ ಕಾಸಿನ ಪಾಲೂ ಇಲ್ಲ. ಹಳೆಯ ಬೈಕಿನ ಪೇಟೆಯಲ್ಲಿ ನಡೆದದ್ದೂ ಇದೇ ರೀತಿ. ಅಗ್ಗವಾಗಿದ್ದಾಗ ಕೊಟ್ಟವನು ಅವಸರದಲ್ಲಿದ್ದವನು. ದುಬಾರಿಯಾದಾಗ ಮಾರುವವನು ಬೇರೆಯವನು.

ಅವಸರಕ್ಕೆ ಕಾರಣವೂ ಇತ್ತು. ಗಣಿಯ ಸಂಬಳ ನಿಂತ ಮೇಲೆ ಊರಿನ ದುಡಿಮೆ ಬೆಂಗಳೂರಿನ ದಾರಿ ಹಿಡಿಯಿತು. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಜನರನ್ನು ತುಂಬಿಕೊಂಡು ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮುಖ್ಯ ಮಾರ್ಗ ಸೇರುವ ಬೆಳಗಿನ ರೈಲುಗಳೇ ಊರಿನ ಹೊಟ್ಟೆಪಾಡಾದವು. ದಿನಾ ಸ್ಟೇಷನ್ನಿಗೆ ಹೋಗಿ ಬರಲು ಬೇಕಾದದ್ದು ಲೀಟರಿಗೆ ಹೆಚ್ಚು ಮೈಲೇಜು ಕೊಡುವ ಗಾಡಿ. ಅಂಥ ಲೆಕ್ಕದಲ್ಲಿ ಟೂ ಸ್ಟ್ರೋಕ್ ನಿಲ್ಲಲಾರದು. ಪಿಸ್ಟನ್ ಸವೆದಾಗ ರಿಪೇರಿ ಮಾಡಿಸುವ ಬದಲು ಹೊಸ ಫೋರ್ ಸ್ಟ್ರೋಕಿಗೆ ಕಂತು ಕಟ್ಟುವುದೇ ಸಂಸಾರಕ್ಕೆ ಸುಲಭ.

ಆದರೂ ಹಳೆಯ ಯಂತ್ರವನ್ನು ಜೀವಂತ ಇಡುವ ಕೈಕಸುಬು ಕೆಜಿಎಫ್‌ಗೆ ಪರಂಪರೆಯಿಂದ ಬಂದದ್ದು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಬಂದ ಊರು ಇದು. ಗಣಿಯ ವರ್ಕ್‌ಶಾಪುಗಳು, 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಕಾರ್ಖಾನೆ, ಇವೆರಡರಿಂದ ಫಿಟ್ಟರ್, ಟರ್ನರ್, ವೆಲ್ಡರುಗಳು ತಲೆಮಾರುಗಟ್ಟಲೆ ತಯಾರಾದರು. ಆರ್‌ಎಕ್ಸ್ ಎಂಜಿನ್ನಿಗೆ ಬೇಕಾದದ್ದು ಅಂಥ ಕೈಯೇ.

ಅದರ ಬ್ಲಾಕಿನ ಒಳವ್ಯಾಸ 50 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡುವ ದೂರವೂ 50 ಮಿಲಿಮೀಟರ್. ವರ್ಷಗಟ್ಟಲೆ ಓಡಿ, ಅಥವಾ ಆಯಿಲ್ ಖಾಲಿಯಾಗಿ ಒಮ್ಮೆ ಸೀಜ್ ಆಗಿ, ಒಳಗೋಡೆಯಲ್ಲಿ ಗೀರು ಬಿದ್ದರೆ ಬ್ಲಾಕನ್ನು ಬಿಚ್ಚಿ ಬೋರ್ ಮಾಡಿಸಬೇಕು. ಒಳವ್ಯಾಸವನ್ನು ಕಾಲು ಮಿಲಿಮೀಟರ್ ಹಿಗ್ಗಿಸಿ, ಅಷ್ಟೇ ದೊಡ್ಡ ಪಿಸ್ಟನ್ ಕೂರಿಸುತ್ತಾರೆ. ಮುಂದಿನ ಸಲ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಒಂದು. ಅಲ್ಲಿಗೆ ಆ ಬ್ಲಾಕಿನ ಆಯುಷ್ಯ ಮುಗಿಯಿತು. ಒಳಗೆ ಹೊಸ ಲೋಹದ ಕೊಳವೆ, ಅಂದರೆ ಸ್ಲೀವ್, ಹಾಕಿಸಬೇಕು, ಇಲ್ಲವೇ ಬೇರೆ ಬ್ಲಾಕ್ ಹುಡುಕಬೇಕು. ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡುವ ಸಂದು ಕೂದಲೆಳೆಯಷ್ಟೂ ಇಲ್ಲ. ಬಿಗಿಯಾದರೆ ಮತ್ತೆ ಸೀಜ್, ಸಡಿಲವಾದರೆ ಕಟಕಟ ಸದ್ದು. ಮಾರಲು ಬಂದ ಬೈಕಿನ ಪಿಸ್ಟನ್ ಎಷ್ಟನೇ ಸೈಜಿನದು ಎಂದು ತಿಳಿದ ಖರೀದಿದಾರ ಮೊದಲು ಕೇಳುತ್ತಾನೆ, ಬಣ್ಣ ಆಮೇಲೆ ನೋಡುತ್ತಾನೆ. ಒಮ್ಮೆಯೂ ಬೋರ್ ಆಗದ ಬ್ಲಾಕ್ ಸಿಕ್ಕರೆ ಅದೇ ಹತ್ತಾರು ಸಾವಿರದ ವ್ಯತ್ಯಾಸ ಮಾಡುತ್ತದೆ. ಇಲ್ಲಿ ಸಿಗದ ಭಾಗಕ್ಕಾಗಿ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಜೆ.ಸಿ. ರಸ್ತೆಗೋ ಶಿವಾಜಿನಗರದ ಗುಜರಿಗೋ ಹೋಗಬೇಕು. ಲೋಕಲ್ ಮಾಲು ಬೇಕಾದಷ್ಟಿದೆ. ಕಂಪನಿಯ ಹಳೆಯ ಪೊಟ್ಟಣ ಒಡೆಯದ ಭಾಗಕ್ಕೆ ಅಂಗಡಿಯವನು ಹೇಳಿದ್ದೇ ಬೆಲೆ.

ಸಿನಿಮಾದ ಪಾಲೂ ಈ ಬೆಲೆಯಲ್ಲಿದೆ. 2015ರ ಕನ್ನಡದ ‘ಆರ್‌ಎಕ್ಸ್ ಸೂರಿ’, 2018ರ ತೆಲುಗಿನ ‘ಆರ್‌ಎಕ್ಸ್ 100’ ಎರಡೂ ಬೈಕಿನ ಹೆಸರನ್ನೇ ಹೊತ್ತು ಬಂದವು. ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತಾಗಿರುವ ಕೆಜಿಎಫ್‌ನಲ್ಲಿ ಎರಡಕ್ಕೂ ನೋಡುಗರಿದ್ದರು. ಬೈಕು ನಿಂತ ವರ್ಷ ಹುಟ್ಟದೇ ಇದ್ದ ಹುಡುಗರೂ ಈಗ ಅದನ್ನು ಕೇಳಿಕೊಂಡು ಬರುತ್ತಾರೆ.

ಜಪಾನಿ ಎಂಬ ಹೆಸರೊಂದೇ ಬೆಲೆ ತರುವುದಿಲ್ಲ ಎಂಬುದಕ್ಕೆ ಪುರಾವೆ ಇದೇ ಜಿಲ್ಲೆಯಲ್ಲಿದೆ. 2013ರಿಂದ ನರಸಾಪುರದ ಹೋಂಡಾ ಕಾರ್ಖಾನೆಯಲ್ಲಿ ದಿನವೂ ಸಾವಿರಾರು ದ್ವಿಚಕ್ರ ವಾಹನಗಳು ತಯಾರಾಗುತ್ತವೆ. ಶೋರೂಮಿನಿಂದ ಹೊರಬಿದ್ದ ದಿನದಿಂದಲೇ ಅವುಗಳ ಬೆಲೆ ಇಳಿಯುತ್ತದೆ. ಬೇಕಾದಷ್ಟು ಸಿಗುವ ವಸ್ತು ಎಷ್ಟೇ ಒಳ್ಳೆಯದಾದರೂ ಸಂಗ್ರಹಯೋಗ್ಯ ಆಗುವುದಿಲ್ಲ.

ಇನ್ನು ಕಾಗದಪತ್ರ. ಹಳೆಯ ಬೈಕಿನ ಅರ್ಧ ಬೆಲೆ ಇರುವುದು ಇಲ್ಲೇ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ದೆಹಲಿ ಸುತ್ತಮುತ್ತ 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಲು ತಡೆ ಬಂದಿತು. ಕರ್ನಾಟಕದಲ್ಲಿ ಅಂಥ ವಯಸ್ಸಿನ ಮಿತಿ ಇಲ್ಲದ್ದರಿಂದಲೇ ಇಲ್ಲಿನ ಹಳೆಯ ಬೈಕುಗಳು ಉಳಿದಿವೆ. 1989ಕ್ಕೂ ಹಿಂದಿನ ಮೂರಕ್ಷರದ ನಂಬರ್ ಪ್ಲೇಟ್ ಇದ್ದರೆ, ಅಥವಾ ಕೆಜಿಎಫ್‌ನದೇ ಕೆಎ 08 ಸಂಖ್ಯೆಯಿದ್ದು ಒಬ್ಬನೇ ಮಾಲೀಕನ ಹೆಸರಿನಲ್ಲಿದ್ದರೆ ಕೊಳ್ಳುವವರು ಹೆಚ್ಚು ಕೊಡಲು ಹಿಂಜರಿಯುವುದಿಲ್ಲ. ಬೆಲೆ ಏರಿದಂತೆ ಕಳ್ಳತನವೂ ಏರಿದೆ. ಆರ್‌ಎಕ್ಸ್ ಬೈಕುಗಳನ್ನೇ ಹುಡುಕಿ ಕದಿಯುವ ಗುಂಪುಗಳು ರಾಜ್ಯದಲ್ಲಿ ಸಿಕ್ಕಿಬಿದ್ದಿವೆ. ಗುಜರಿಗೆ ಹೋದ ಬೈಕಿನ ಆರ್‌ಸಿಗೆ ಕದ್ದ ಬೈಕಿನ ಎಂಜಿನ್ ಹೊಂದಿಸಿ, ನಂಬರ್ ಉಜ್ಜಿ ಹೊಸದಾಗಿ ಕೊರೆಯುವುದು ಈ ದಂಧೆಯ ಅತಿ ಕೆಟ್ಟ ಮುಖ. ಅಂಥ ಬೈಕು ಎಷ್ಟೇ ಹೊಳೆದರೂ ಅದಕ್ಕೆ ಕೊಟ್ಟ ಹಣ ನೀರಿಗೆ ಹಾಕಿದಂತೆಯೇ.

2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ತುಂಬಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ವಿಂಟೇಜ್ ಮಾನ್ಯತೆ ಸಿಗುತ್ತದೆ. ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಎಂಬ ಗುರುತು. ದಿನನಿತ್ಯದ ಬಳಕೆಗೆ ಅವಕಾಶವಿಲ್ಲ, ಪ್ರದರ್ಶನ, ರ‍್ಯಾಲಿಯಂಥ ಉದ್ದೇಶಗಳಿಗೆ ಮಾತ್ರ. ಮೊದಲ ರಾಜ್‌ದೂತ್ 350ಗಳಿಗೆ ಆ ವಯಸ್ಸು 2033ರಲ್ಲಿ, ಮೊದಲ ಆರ್‌ಎಕ್ಸ್ 100ಗಳಿಗೆ 2035ರಲ್ಲಿ ತುಂಬುತ್ತದೆ. ಅಲ್ಲಿಯವರೆಗೆ ಅವು ಕಾನೂನಿನ ಕಣ್ಣಿಗೆ ಬರೀ ಹಳೆಯ ಗಾಡಿಗಳು.

ಆಂಡರ್ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಮನೆಯ ಹಿಂದೆ ಅಪ್ಪನ ಕಾಲದ ಬೈಕು ನಿಂತಿದ್ದರೆ ಗುಜರಿಯವನಿಗೆ ತೂಕಕ್ಕೆ ಕೊಡುವ ಮೊದಲು ಅದರ ಆರ್‌ಸಿ ಹುಡುಕಿ ತೆಗೆಯಿರಿ. ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡೂ ಅದರೊಂದಿಗೆ ತಾಳೆಯಾಗುತ್ತವೆಯೇ ನೋಡಿ, ಅವಧಿ ಮುಗಿದಿದ್ದರೆ ಆರ್‌ಟಿಒ ಕಚೇರಿಗೆ ಹೋಗಿ ನವೀಕರಿಸಿಕೊಳ್ಳಿ. ಮಾರುವ ವಿಚಾರ ಅದಾದ ಮೇಲೆ ಮಾಡಿದರೆ ಸಾಕು.