ಬೆಂಕಿ ಬಿದ್ರ ಲಿಫ್ಟ್ ಹತ್ತಬಹುದೇನು?

ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ, ಮೆಟ್ಟಿಲು ಬಳಸಿ. ಎಲ್ಲಾ ಅಪಾರ್ಟ್‌ಮೆಂಟಿನ್ಯಾಗೂ ಇದ ಬೋರ್ಡು. ನಮ್ಮತ್ತಿಯವರಿಗೆ 81 ವರ್ಷ, ಎರಡೂ ಮೊಣಕಾಲು ಹೋಗ್ಯಾವ, ನಾವಿರೋದು ಒಂಬತ್ತನೇ ಮಾಳಿಗಿ. "ಮತ್ತ ನನ್ನಂಥಾಕಿ ಏನ್ ಮಾಡಬೇಕವಾ?" ಅಂತ ಅವರ ಕೇಳಿದ್ರು. ಕೇಳಿದ್ದು ಬರೋಬ್ಬರಿನ ಅದ. ಆವತ್ತಿಂದ ಓದಿ, ಲಿಫ್ಟ್ ರಿಪೇರಿಯವರನ್ನ ಕೇಳಿ, ತಿಳಕೊಂಡದ್ದನ್ನ ಬರೀಲಿಕ್ಹತ್ತೀನಿ.

ಬೋರ್ಡ್ ಸುಳ್ಳಲ್ಲ. ಲಿಫ್ಟ್ ಓಡಾಡೋ ಬಾವಿ ತಳದಿಂದ ತುದಿತನಕ ಒಂದ ಕೊಳವಿ. ಹೊಗಿ ಹೊಕ್ಕಿತಂದ್ರ ಅಡಗಿಮನಿ ಚಿಮಣಿ ಹಂಗ ಮ್ಯಾಲೆ ಎಳಕೋತದ. ಕರೆಂಟ್ ಹೋದ್ರ ನಡುವ ನಿಂತುಬಿಡ್ತದ. ಬಾಗಲದ ಸೆನ್ಸರಿಗೆ ದಟ್ಟ ಹೊಗಿ ಅಡ್ಡ ಬಂದ್ರ, ಯಾರೋ ನಿಂತಾರ ಅಂತ ತಿಳಕೊಂಡು ಬಾಗಲಾ ಹಾಕೂದ ಇಲ್ಲ. ಇನ್ನ ಬೆಂಕಿ ಇರೋ ಮಾಳಿಗಿಗೇ ಹೋಗಿ ಬಾಗಲಾ ತಗದ್ರಂತೂ ಮುಗೀತು. ಹೊಗಿ ಅಂದ್ರ ಸಣ್ಣ ಮಾತಲ್ಲ. 2010ರ ಫೆಬ್ರುವರಿ 23ಕ್ಕ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನ್ಯಾಗ 9 ಮಂದಿ ಹೋದರು. ಹೊಗಿ ತಾಳಲಾರದ ಕಿಟಕಿಯಿಂದ ಜಿಗದವರೂ ಅದರಾಗ ಇದ್ದರು.

ಆದ್ರ ಎಲ್ಲಾ ಲಿಫ್ಟೂ ಒಂದ ಥರ ಅಲ್ಲ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ, 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡಕ್ಕ ಫೈರ್ ಲಿಫ್ಟ್ ಇರಬೇಕು ಅಂತದ. ಕಡಿಮಿ ಅಂದ್ರೂ 8 ಮಂದಿ ಹಿಡೀಬೇಕು, ಕೆಳಗಿಂದ ತುದೀಗೆ ಒಂದು ನಿಮಿಷದಾಗ ಮುಟ್ಟಬೇಕು, ಕರೆಂಟ್ ಹೋದ್ರೂ ಜನರೇಟರಿನ ಮ್ಯಾಲೆ ನಡೀಬೇಕು. ನೆಲಮಟ್ಟದ ಮಾಳಿಗಿಯೊಳಗ ಒಂದು ಸ್ವಿಚ್ ಇರ್ತದ. ಅಗ್ನಿಶಾಮಕದವರು ಅದನ್ನ ಹಾಕಿದ್ರಂದ್ರ ಲಿಫ್ಟ್ ಕೆಳಗ ಬರ್ತದ; ಆಮ್ಯಾಲೆ ನಾವು ಹೊರಗಿಂದ ಎಷ್ಟು ಗುಂಡಿ ಒತ್ತಿದ್ರೂ ಕೇಳೂದಿಲ್ಲ, ಒಳಗಿದ್ದವರ ಮಾತಷ್ಟ ಕೇಳ್ತದ. ದಿನಾ ನಾವು ಹಾಲು-ತರಕಾರಿ ಹಿಡಕೊಂಡು ಹತ್ತೂದಕ್ಕ ಅಡ್ಡಿಯಿಲ್ಲ, ಬೆಂಕಿ ಬಿದ್ದಾಗ ಮಾತ್ರ ಅದು ಅವರದು. ಪೈಪು-ಸಾಮಾನು ಮ್ಯಾಲೆ ಒಯ್ತಾರ, ನಡೀಲಾರದವರನ್ನ ಕೆಳಗ ತರ್ತಾರ.

ಆ ಸ್ವಿಚ್ ಕೈಕೊಟ್ರ? 2017ರ ಜೂನ್ 14ಕ್ಕ ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿತ್ತು. 24 ಮಾಳಿಗಿ, 72 ಜೀವ. ಆ ರಾತ್ರಿ ಲಿಫ್ಟನ್ನ ಅಗ್ನಿಶಾಮಕದವರ ಕೈಗೆ ತಗೊಳ್ಳಲಿಕ್ಕೆ ಆಗಲಿಲ್ಲ. ಓದಿದಾಗ ಹೊಟ್ಟಿಯೊಳಗ ಕಲಿಸಿಧಂಗಾತು. ಈಗ ಲಂಡನ್ನಿನ 2021ರ ನಗರ ಯೋಜನೆ, ಲಿಫ್ಟ್ ಇರೋ ಹೊಸಾ ಕಟ್ಟಡದಾಗ ನಡೀಲಾರದವರನ್ನ ಪಾರು ಮಾಡಲಿಕ್ಕೂ ಆಗೋವಂಥ ಒಂದು ಲಿಫ್ಟ್ ಬೇಕು ಅಂತದ. ನಮ್ಮತ್ತಿಯವರು ಕೇಳಿದ್ದು ಅದನ್ನ.

ಇಷ್ಟು ತಿಳಕೊಂಡು ನಮ್ಮ ಫೈರ್ ಲಿಫ್ಟ್ ನೋಡಲಿಕ್ಕೆ ಹೋದೆ. ಸ್ವಿಚ್ಚಿನ ಪೆಟಗಿ ಮ್ಯಾಲೆ ಹಾಲಿನವನ ಜಾಹೀರಾತು ಅಂಟಿಸ್ಯಾರ. ಹೊಗಿ ತಡಿಯೋ ಬಾಗಲಾ, ತಾನಾಗೇ ಮುಚ್ಚಿಕೊಳ್ಳಬೇಕಾದ್ದು, ಅದಕ್ಕ ಹಗ್ಗ ಕಟ್ಟಿ ಹಾರಾ ತಗದಿಟ್ಟಾರ, "ಗಾಳಿ ಬರ್ಲಿ" ಅಂತ. ಲಾಬಿಯೊಳಗ ಹಳೇ ಸೈಕಲ್, ಕುಂಡಿ, ಒಂದು ಚಪ್ಪಲಿ ಸ್ಟ್ಯಾಂಡ್. ಕಮಿಟಿಯವರನ್ನ ಕೇಳಿದ್ರ "ಹನ್ನೆರಡು ವರ್ಷದಾಗ ಏನೂ ಆಗಿಲ್ಲಲ್ರೀ" ಅಂದ್ರು. ಆಗೂ ತನಕ ಏನೂ ಆಗಿರೂದಿಲ್ಲ, ಅದು ನನಗೂ ಗೊತ್ತದ!

ಮೂರು ಸಲ ಬೆನ್ನು ಹತ್ತಿದ ಮ್ಯಾಲೆ ಸ್ವಿಚ್ ಹಾಕಿ ನೋಡಿದ್ರು, ಲಿಫ್ಟ್ ಇಳದು ಬಂತು. ಹಗ್ಗ ಬಿಚ್ಚ್ಯಾರ. ಮೆಟ್ಟಿಲು ಇಳೀಲಾರದವರು ಯಾವ ಮನಿಯಾಗ ಇದ್ದಾರ ಅಂತ ಒಂದು ಹಾಳಿ ಬರದು ಗೇಟಿನ ವಾಚ್‌ಮನ್ ಹತ್ರ ಇಡಿಸಿದೆ, ಅಗ್ನಿಶಾಮಕದವರು ಬಂದ್ರ ಮೊದಲ ಅದನ್ನ ಕೊಡಬೇಕು. ಎಣಿಸಿದ್ರ ಹನ್ನೊಂದು ಮಂದಿ ಇದ್ದಾರ. ಕಾಲು ಮುರಕೊಂಡ ಐದನೇ ಮಾಳಿಗಿ ಹುಡುಗನೂ, ದಿನ ತುಂಬಿದ ಏಳನೇ ಮಾಳಿಗಿಯಾಕಿನೂ ಅದರಾಗ ಸೇರಿ. ಕುಂಡಿ, ಸೈಕಲ್ ಹೋಗ್ಯಾವ. ಚಪ್ಪಲಿ ಸ್ಟ್ಯಾಂಡ್ ಇನ್ನೂ ಅಲ್ಲೇ ಅದ. ಯಾರದಂತ ನಿಮಗೂ ಗೊತ್ತದ ವೈನಿ, ನೀವ ಒಂದು ಮಾತು ಹೇಳ್ರಿ.