ಸ್ಟೆಲ್ಲಾಳ ದೋಣಿ

2025ರ ಜೂನ್ 9ರ ಬೆಳಿಗ್ಗೆ ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ ಕಿಕ್ಕಿರಿದ ಎರಡು ಲೋಕಲ್‌ಗಳು ಎದುರುಬದುರು ಹಾದುಹೋದವು. ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದರು. ಕನಿಷ್ಠ ನಾಲ್ವರು ಸತ್ತರು. ಡೊಂಬಿವಲಿ, ಕಲ್ಯಾಣದ ಮಕ್ಕಳು ಥಾಣೆಯ ಕಾಲೇಜಿಗೋ ಕ್ಲಾಸಿಗೋ ಹೋಗುವುದು ಇದೇ ಲೈನಿನಲ್ಲಿ, ಎಷ್ಟೋ ಸಲ ಕೈಯಲ್ಲಿ ಬಿಜಿಎಂಐ ಹಿಡಿದು. ಅಲ್ಲಿ ನೂರು ಜನ ದ್ವೀಪಕ್ಕೆ ಇಳಿಯುತ್ತಾರೆ, ಸತ್ತವರು ಲಾಬಿಗೆ ವಾಪಸ್ ಬರುತ್ತಾರೆ.

ಈ ಮನೆಗಳ ಕನ್ನಡದಲ್ಲಿ ಒಂದು ವಿಚಿತ್ರವಿದೆ. ಆಟದಲ್ಲಿ ಹುಡುಗ ‘ಥತ್, ಸತ್ತೆ’ ಎಂದು ಕೂಗಬಹುದು. ಅಜ್ಜನ ವಿಷಯಕ್ಕೆ ಆ ಕ್ರಿಯಾಪದ ಸಲ್ಲದು. ಅವರು ‘ತೀರಿಕೊಂಡರು’, ‘ಹೋಗಿಬಿಟ್ಟರು’. ಪಕ್ಕದ ಮರಾಠಿ ಮನೆಯಲ್ಲಾದರೆ ‘ವಾರಲೇ’. ಎಲ್ಲಿಗೆ ಹೋದರು ಎಂದು ಹುಡುಗ ಕೇಳಿದರೆ ‘ಮೊದಲು ಊಟ ಮಾಡು’. ಕಠೋಪನಿಷತ್ತಿನ ಯಮನೂ ಮಾಡಿದ್ದು ಇದನ್ನೇ. ಆನೆ, ಕುದುರೆ, ಚಿನ್ನ, ದೀರ್ಘಾಯುಷ್ಯ ಏನು ಬೇಕಾದರೂ ಕೇಳು, ಇದೊಂದನ್ನು ಬಿಡು ಎಂದ. ನಚಿಕೇತ ಒಪ್ಪಲಿಲ್ಲ. ಈಗ ಆನೆಯ ಬದಲು ಮೊಬೈಲ್ ಸಿಗುತ್ತದೆ, ಹುಡುಗ ಒಪ್ಪಿಕೊಳ್ಳುತ್ತಾನೆ.

ಹಾಗೆಂದು ಎಲ್ಲ ಆಟವೂ ಬಿಜಿಎಂಐ ಅಲ್ಲ. ಮಾಂಟ್ರಿಯಲ್‌ನ ಥಂಡರ್ ಲೋಟಸ್ 2020ರಲ್ಲಿ ತಂದ ‘ಸ್ಪಿರಿಟ್‌ಫೇರರ್’ನಲ್ಲಿ ಆಡುವವರು ಸ್ಟೆಲ್ಲಾ ಆಗುತ್ತಾರೆ, ಸತ್ತವರನ್ನು ದಾಟಿಸುವ ದೋಣಿಯವಳು. ಕೊಲ್ಲುವ ಕೆಲಸವಿಲ್ಲ. ಬಂದವರಿಗೆ ಇಷ್ಟದ ಅಡುಗೆ ಮಾಡಬೇಕು, ಮನೆ ಕಟ್ಟಿಕೊಡಬೇಕು, ತಬ್ಬಿಕೊಳ್ಳಬೇಕು. ಅವರು ಹೊರಡುತ್ತೇನೆ ಎಂದಾಗ ಕೊನೆಯ ಬಾಗಿಲಿಗೆ ಬಿಟ್ಟುಬರಬೇಕು. ಆಲಿಸ್ ಎಂಬ ಮುದುಕಿಗೆ ಮರೆವು ಹೆಚ್ಚುತ್ತಾ ಹೋಗಿ, ಸ್ಟೆಲ್ಲಾಳನ್ನೇ ತನ್ನ ಮಗಳೆಂದು ತಿಳಿಯುತ್ತಾಳೆ. ಮರೆವಿನ ಅಜ್ಜಿಯಿರುವ ಮನೆಯ ಹುಡುಗಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಾಟುವ ನೀರೂ ಇಲ್ಲಿಯವರಿಗೆ ಹೊಸತಲ್ಲ. ಮುಂಬಯಿ ಕುಡಿಯುವ ನೀರಿನ ಒಂದು ಪಾಲು ಬರುವ ನದಿಯ ಹೆಸರೇ ವೈತರಣಾ.

‘ನಾನು ಸತ್ತರೆ?’ ಎನ್ನುವುದನ್ನು ಬಿಜಿಎಂಐ ತಮಾಷೆ ಮಾಡಿಬಿಟ್ಟಿದೆ. ಹರೆಯದಲ್ಲಿ ರಾತ್ರಿ ನಿದ್ದೆಗೆಡಿಸುವ ಪ್ರಶ್ನೆ ಬೇರೆ: ಅಮ್ಮ ಸತ್ತರೆ? ಸ್ಪಿರಿಟ್‌ಫೇರರ್ ಅದಕ್ಕೆ ಉತ್ತರ ಕೊಡುವುದಿಲ್ಲ, ಕೊಡುವಂತೆ ನಟಿಸುವುದೂ ಇಲ್ಲ. ಬೀಳ್ಕೊಡುವುದನ್ನು ಮಾತ್ರ ಬೇಕಾದಷ್ಟು ದಿನ ಮುಂದೂಡಲು ಬಿಡುತ್ತದೆ. ಪಕ್ಕದಲ್ಲಿ ಕೂತ ದೊಡ್ಡವರು ಕೇಳಬೇಕಾದದ್ದು ಇಷ್ಟೇ: ‘ಯಾಕೋ, ಇನ್ನೂ ಬಿಟ್ಟುಬಂದಿಲ್ಲ?’ (ಮನೆಯಲ್ಲಿ ಸಾವಾಗಿ ವಾರವೂ ಕಳೆಯದ ಮಗುವಿಗೆ ಇದನ್ನು ಔಷಧಿಯಂತೆ ಕೊಡುವುದು ಬೇಡ.)

ಹೋದವರಿಗಾಗಿ ಕಟ್ಟಿದ ಮನೆ ದೋಣಿಯ ಮೇಲೆ ಹಾಗೇ ಉಳಿಯುತ್ತದೆ. ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಹದಿಮೂರನೆಯ ದಿನ ಕಳೆಯುತ್ತಲೇ ಅಜ್ಜನ ಮಂಚ ಹೊರಗೆ ಹೋಗುತ್ತದೆ, ಆ ಜಾಗಕ್ಕೆ ಹುಡುಗನ ಸ್ಟಡಿ ಟೇಬಲ್ ಬರುತ್ತದೆ.